ಮನೆಗೂ ಮಾತೃಭಾಷೆ ಉಂಟೇ?

ಮೈಸೂರಿನ ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣರ ಮನೆಯನ್ನು ಸಾರ್ವಜನಿಕರ ಹಣದಿಂದ ಉಳಿಸಿದ್ದು ತಪ್ಪೆಂದು ವಾದಿಸುವವರು ನಮ್ಮ ಸಂಘದಲ್ಲೂ ಇದ್ದಾರೆ. 2011ರಲ್ಲಿ ಆ ಮನೆಯನ್ನು ಕೆಡವತೊಡಗಿದಾಗ ಪ್ರತಿಭಟನೆ ಎದ್ದಿತು. ಸರಕಾರ ರಕ್ಷಣೆಗೆ ಮುಂದಾಯಿತು. ಒಡನೆಯೇ ನಮ್ಮ ಕೆಲವು ಸಾಹಿತಿಗಳು ತಕರಾರು ತೆಗೆದರು: ನಾರಾಯಣ್ ಕನ್ನಡಿಗರಲ್ಲ, ಕನ್ನಡದಲ್ಲಿ ಬರೆದವರೂ ಅಲ್ಲ ಎಂದು. ಆದರೂ ಮನೆ ದುರಸ್ತಿಗೊಂಡು 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ತಕರಾರು ಮಾತ್ರ ಇನ್ನೂ ಮುಗಿದಿಲ್ಲ.

ಮನೆಮಾತೇ ಅಳತೆಗೋಲಾದರೆ ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು. ಅವರನ್ನು ಬಿಟ್ಟುಕೊಡಲು ಯಾರು ಸಿದ್ಧರಿದ್ದಾರೆ? 'ಅವರು ಕನ್ನಡದಲ್ಲಿ ಬರೆದರಲ್ಲ' ಎನ್ನಬಹುದು. ಒಪ್ಪಿದೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಮೈಸೂರಿನಲ್ಲಿ ಓದಿ, ಅಲ್ಲಿಯ ಬೀದಿಗಳಲ್ಲಿ ಅಡ್ಡಾಡಿ, ಆ ನೆಲದ ಜನರನ್ನು ಕಂಡು ಬರೆದರು. ಮಾಲ್ಗುಡಿಯನ್ನು ದೂರದರ್ಶನಕ್ಕೆ ತರಲು ಶಂಕರನಾಗರು ಹೋದದ್ದೂ ನಮ್ಮ ಆಗುಂಬೆಗೇ.

ಈ ಮುಂಬಯಿಯನ್ನೇ ನೋಡಿ. ಬೈಕುಳಾದ ರಾಣಿಬಾಗಿನಲ್ಲಿ 1872ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ 1975ರಲ್ಲಿ ಭಾವು ದಾಜಿ ಲಾಡರ ಹೆಸರಿಟ್ಟರು, ಕಟ್ಟಡವನ್ನು ಕೆಡವಲಿಲ್ಲ. ಮಹಾನಗರಪಾಲಿಕೆಯೂ ಇಂಟ್ಯಾಕ್ ಸಂಸ್ಥೆಯೂ ಸೇರಿ ಅದನ್ನು ಜೀರ್ಣೋದ್ಧಾರ ಮಾಡಿಸಿದವು. 2005ರಲ್ಲಿ ಯುನೆಸ್ಕೋ ಪ್ರಶಸ್ತಿಯೂ ಬಂತು. ಅತ್ತ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ 'ಗಿಳಿವಿಂಡು' ಎಂಬ ಸ್ಮಾರಕವಾಗಿ ನಿಂತಿದೆ. ಅದು ಕೇರಳದ ನೆಲ. 'ಪೈಗಳು ಮಲಯಾಳದಲ್ಲಿ ಬರೆಯಲಿಲ್ಲ' ಎಂದು ಅಲ್ಲಿಯ ಸರಕಾರ ಕೈತೊಳೆದುಕೊಂಡಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ನಾನು ಕೇಂದ್ರ ಸರಕಾರದ ಗುಮಾಸ್ತ. ಒಂದೇ ನಿಯಮವನ್ನು ಒಬ್ಬರಿಗೊಂದು, ಇನ್ನೊಬ್ಬರಿಗೊಂದು ರೀತಿ ಅನ್ವಯಿಸಿದರೆ ಕಡತ ವಾಪಸು ಬರುತ್ತದೆ. ವಾಗ್ಳೆ ಎಸ್ಟೇಟಿನಲ್ಲಿ ಬಾಳುತ್ತ, ಮರಾಠಿ ನೆಲದಲ್ಲಿ ಕನ್ನಡ ಶಾಲೆ, ಕನ್ನಡ ಭವನ ಬೇಕೆಂದು ಕೇಳುವ ನಾವು, ಮೈಸೂರಿನಲ್ಲಿ ಬೇರೆ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ನಾಳೆ ಠಾಣೆಯವರು ಅದೇ ಕೋಲನ್ನು ನಮ್ಮತ್ತ ತಿರುಗಿಸಿದರೆ ನಮ್ಮ ಬಳಿ ಉತ್ತರವಿರದು.

ಒಂದು ಆಕ್ಷೇಪಣೆಯಲ್ಲಿ ಮಾತ್ರ ಹುರುಳಿದೆ: ಎಷ್ಟೋ ಕನ್ನಡ ಸಾಹಿತಿಗಳ ಮನೆಗಳನ್ನು ಕೇಳುವವರಿಲ್ಲ. ನಿಜ. ಅದಕ್ಕಾಗಿ ಕೂಗೋಣ, ಮನವಿ ಬರೆಯೋಣ, ವಂತಿಗೆಯನ್ನೂ ಎತ್ತೋಣ. ಆದರೆ ನಾರಾಯಣರ ಮನೆಯ ಗೋಡೆ ಉರುಳಿದ ಮಾತ್ರಕ್ಕೆ ಯಾವ ಕನ್ನಡ ಕವಿಯ ಮನೆಯ ಮಾಡೂ ಸೋರುವುದು ನಿಲ್ಲುವುದಿಲ್ಲ. ಕೆಡವುವುದಕ್ಕೆ ಒಂದು ದಿನ ಸಾಕು. ಉಳಿಸುವುದಕ್ಕೆ ವರ್ಷ ವರ್ಷವೂ ಖರ್ಚು ಉಂಟು. ಆ ಖರ್ಚನ್ನು ಕೊಡುವ ನಾಡೇ ದೊಡ್ಡ ನಾಡು.