ಬೆಟ್ಟವೂ ಬ್ಯಾಟರಿಯೂ

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ವಿದ್ಯುತ್ ಬೈಕನ್ನು ಕೊಳ್ಳಹೊರಟವರ ಪಾಲಿಗೆ ತಿರುವುಮುರುವಾಗಿದೆ. ಅವರ ಕಣ್ಣಿಗೆ ದೂರದ ಬೆಟ್ಟವೇ ಭಯಂಕರ. ‘ಊರೊಳಗಿನ ಓಡಾಟಕ್ಕೇನೋ ಸರಿ, ಗುಡ್ಡ ಬಂದರೆ ಗತಿಯೇನು? ಅರ್ಧ ಏರಿನಲ್ಲಿ ಬ್ಯಾಟರಿ ಬರಿದಾದರೆ ನೂಕುವವರು ಯಾರು?’ ಎಂದು ಅವರು ಕೇಳುತ್ತಾರೆ.

ತುಮಕೂರು ರಸ್ತೆಯ ಮಾಕಳಿಯಂಥ ಊರಿನಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥ ಉಂಟು. 2024ರ ನವೆಂಬರ್ 7ರಂದು ಮೆಟ್ರೋ ರೈಲು ಮಾದಾವರದವರೆಗೆ ಬಂದಿತು. ಅಲ್ಲಿಂದಾಚೆಗೆ ಮನೆ ಸೇರಲು ಗಾಡಿ ಬೇಕು. ಒಂದು ದಿಕ್ಕಿಗೆ ಹೊರಟರೆ ಬೆಂಗಳೂರಿನ ಕಚೇರಿ ಕಾರ್ಖಾನೆಗಳು. ಉಳಿದ ದಿಕ್ಕುಗಳಿಗೆ ಹೊರಟರೆ ಶಿವಗಂಗೆ, ದೇವರಾಯನದುರ್ಗ, ನಂದಿ. ವಾರದ ಆರು ದಿನ ಕೆಲಸಕ್ಕೆ ಒಯ್ಯುವ ಗಾಡಿಯೇ ಏಳನೆಯ ದಿನ ಹೆಂಡತಿಯನ್ನೋ ಮಗನನ್ನೋ ಹಿಂದೆ ಕೂರಿಸಿಕೊಂಡು ಬೆಟ್ಟವನ್ನೂ ಏರಬೇಕೆಂಬುದು ಸಾಧಾರಣ ಸಂಸಾರದ ಆಸೆ. ಎರಡು ಗಾಡಿಗಳನ್ನು ಇಟ್ಟುಕೊಳ್ಳುವ ಅನುಕೂಲ ಎಷ್ಟು ಜನಕ್ಕಿದೆ? ಕಂತಿನ ಸಾಲದಲ್ಲಿ ಕೊಂಡದ್ದು ಕೈಕೊಡಬಾರದು ಎಂಬ ಎಚ್ಚರ ಸಹಜವೇ.

ಬೆಂಗಳೂರಿಗೆ ಇಂಥ ಗಾಡಿಗಳು ತೀರ ಹೊಸವೇನೂ ಅಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಇಲ್ಲಿಂದಲೇ ಹೊರಟಿತು. 2018ರಲ್ಲಿ ಏಥರ್ ಸ್ಕೂಟರು, 2022ರಲ್ಲಿ ಅಲ್ಟ್ರಾವಯೊಲೆಟ್ ಮೋಟಾರ್ ಸೈಕಲ್ಲು ಇಲ್ಲಿಯೇ ಬೀದಿಗಿಳಿದವು. ಆದರೂ ಬೆಟ್ಟದ ಭಯ ಹೋಗಿಲ್ಲ. ಆದಕಾರಣ ಒಂದಿಷ್ಟು ಲೆಕ್ಕ ಹಾಕಿ ನೋಡೋಣ. ಶಾಲೆಯಲ್ಲಿ ಕಲಿತ ಗಣಿತವೇ ಸಾಕು.

ಬೆಂಗಳೂರಿನ ನೆಲ ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ನಂದಿಯ ನೆತ್ತಿ 1478 ಮೀಟರು. ಅಂತರ 550 ಮೀಟರು ಎನ್ನೋಣ. ಗಾಡಿ, ಸವಾರ, ಸಾಮಾನು ಎಲ್ಲವೂ ಸೇರಿ 200 ಕಿಲೋ ತೂಕವಿದ್ದರೆ, ಅಷ್ಟನ್ನು ಅಷ್ಟೆತ್ತರಕ್ಕೆ ಎತ್ತಲು ಬೇಕಾಗುವ ವಿದ್ಯುತ್ತು 0.3 ಯೂನಿಟ್! ಮೋಟಾರಿನಲ್ಲಿ ಶಾಖವಾಗಿ ನಷ್ಟವಾಗುವುದನ್ನೂ ಸೇರಿಸಿದರೆ 0.4 ಯೂನಿಟ್ಟಿನ ಒಳಗೇ ಆಯಿತು. ಮೂರು ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಇದು ಸುಮಾರು ಎಂಟನೆಯ ಒಂದು ಪಾಲು.

ಇನ್ನು ಬಯಲಿನ ಲೆಕ್ಕ. ಹದವಾದ ವೇಗದಲ್ಲಿ ಸ್ಕೂಟರು ಕಿಲೋಮೀಟರಿಗೆ ಹೆಚ್ಚು ಕಡಿಮೆ 0.03 ಯೂನಿಟ್ ಬಳಸುತ್ತದೆ. ಮಾಕಳಿಯಿಂದ ನಂದಿಯ ಬುಡಕ್ಕೆ ಸುಮಾರು 50 ಕಿಲೋಮೀಟರು ಹಾದಿ. ಅದಕ್ಕೇ ಒಂದೂವರೆ ಯೂನಿಟ್, ಎಂದರೆ ಬ್ಯಾಟರಿಯ ಅರ್ಧ. ಇಡೀ ಬೆಟ್ಟ ಕೇಳುವುದು ಹನ್ನೆರಡು ಹದಿಮೂರು ಕಿಲೋಮೀಟರು ಬಯಲು ದಾರಿಯ ಖರ್ಚನ್ನು ಮಾತ್ರ. ಹೋಗಿ ಬರುವಾಗ ದಾರಿಯಲ್ಲಿ ಎಲ್ಲಾದರೂ ಬ್ಯಾಟರಿ ತುಂಬಿಸಿಕೊಳ್ಳಬೇಕಾಗುವುದು ನಿಜ. ಆದರೆ ಅದರ ದೋಷ ಬೆಟ್ಟದ್ದಲ್ಲ, ಬಯಲಿನ ದೂರದ್ದು. ಹೆದ್ದಾರಿಯಲ್ಲಿ ಅವಸರಪಟ್ಟರಂತೂ ಖರ್ಚು ಇನ್ನೂ ಏರುತ್ತದೆ. ನಲವತ್ತರ ವೇಗವನ್ನು ಅರವತ್ತಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆಯಷ್ಟಲ್ಲ, ಎರಡೂ ಕಾಲರಷ್ಟು ಹೆಚ್ಚುತ್ತದೆ.

ಹಾಗಾದರೆ ಬೆಟ್ಟ ಏನನ್ನೂ ಪರೀಕ್ಷಿಸುವುದಿಲ್ಲವೆ? ಪರೀಕ್ಷಿಸುತ್ತದೆ. ಆದರೆ ಅದು ಕೇಳುವುದು ಬ್ಯಾಟರಿಯ ಸಂಗ್ರಹವನ್ನಲ್ಲ, ಮೋಟಾರಿನ ಬಲವನ್ನು. 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರು ದಾಟದ ಹಗುರ ಗಾಡಿಗಳಿಗೆ ನಮ್ಮ ದೇಶದಲ್ಲಿ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಬಹಳ ಮಂದಿ ಇದಕ್ಕೇ ಮರುಳಾಗಿ ಅದನ್ನು ಕೊಳ್ಳುತ್ತಾರೆ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ, ಒಟ್ಟು 100 ಕಿಲೋ ತೂಕವನ್ನು ಗಂಟೆಗೆ ಹತ್ತೇ ಕಿಲೋಮೀಟರು ವೇಗದಲ್ಲಿ ಎಳೆಯಲು 270 ವ್ಯಾಟ್ ಬೇಕು. ಪೆಡಲು ಇದ್ದರೆ ಕೊರತೆಯನ್ನು ಸವಾರನ ಕಾಲುಗಳು ತುಂಬಿಯಾವು. ಇಲ್ಲದಿದ್ದರೆ ಗಾಡಿ ತೆವಳುತ್ತದೆ, ಮೋಟಾರು ಕಾಯುತ್ತದೆ. ಒಳ್ಳೆಯ ಗಾಡಿಗಳಲ್ಲಿ ಕಾವು ಹೆಚ್ಚಿದಾಗ ವಿದ್ಯುತ್ತನ್ನು ತಾನಾಗಿಯೇ ತಗ್ಗಿಸುವ ಏರ್ಪಾಡಿದೆ. ಆಗ ಗಾಡಿ ಕೆಟ್ಟಿತೆಂದು ಗಾಬರಿಪಡದೆ, ನೆರಳಿನಲ್ಲಿ ನಿಲ್ಲಿಸಿ ಆರಲು ಬಿಡುವುದು ಲೇಸು.

ಏರುವ ಚಿಂತೆ ಇಷ್ಟೇ. ಇಳಿಯುವುದರ ಬಗ್ಗೆ ಯಾರೂ ಚಿಂತಿಸುವುದಿಲ್ಲ. ನಿಜವಾದ ಅಪಾಯ ಇರುವುದು ಅಲ್ಲಿಯೇ. ಮೇಲೇರುವಾಗ ಗಾಡಿಗೆ ತುಂಬಿದ ಆ 0.3 ಯೂನಿಟ್ ಶಕ್ತಿ ಕೆಳಗಿಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಮೂರು ಲೀಟರು ತಣ್ಣೀರನ್ನು ಕುದಿಸಲು ಸಾಕಾಗುವಷ್ಟು ಶಾಖ ಅದು. ಗಾಳಿ, ನೆಲ ಒಂದು ಪಾಲನ್ನು ತೆಗೆದುಕೊಂಡರೂ ಉಳಿದುದನ್ನು ಬ್ರೇಕುಗಳು ನುಂಗಬೇಕು. ಪೆಟ್ರೋಲ್ ಗಾಡಿಯ ಹಳೆಯ ಸವಾರರು ಏರಿದ ಗೇರಿನಲ್ಲಿಯೇ ಇಳಿಯಬೇಕೆಂದು ಹೇಳುತ್ತಿದ್ದರು. ಆಗ ಎಂಜಿನ್ನೇ ವೇಗವನ್ನು ಹಿಡಿದಿಡುತ್ತಿತ್ತು. ಬಹುಪಾಲು ವಿದ್ಯುತ್ ಗಾಡಿಗಳಲ್ಲಿ ಗೇರಿಲ್ಲ. ಕೆಲವಲ್ಲಿ ಇಳಿಜಾರಿನ ಹೊತ್ತಿಗೆ ಮೋಟಾರೇ ಡೈನಮೋ ಆಗಿ, ಗಾಡಿಯನ್ನು ತಡೆಯುತ್ತ ಬ್ಯಾಟರಿಗೆ ಒಂದಿಷ್ಟು ಶಕ್ತಿಯನ್ನು ಹಿಂದಿರುಗಿಸುತ್ತದೆ. ಅಗ್ಗದ ಗಾಡಿಗಳಲ್ಲಿ ಅನೇಕಕ್ಕೆ ಈ ಸೌಕರ್ಯವಿಲ್ಲ. ಕೊಳ್ಳುವಾಗ ಗಾಡಿ ಎಷ್ಟು ದೂರ ಓಡುತ್ತದೆ ಎಂಬುದರ ಜೊತೆಗೆ ಇದನ್ನೂ ಕೇಳಿರಿ.

ಈ ಸೌಕರ್ಯ ಇದ್ದವರೂ ಒಂದು ಸೂಕ್ಷ್ಮವನ್ನು ಅರಿತಿರಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲ. ಬೆಟ್ಟದ ಮೇಲೆಯೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿದರೆ, ಹಿಂದಿರುಗುವ ಶಕ್ತಿಗೆ ಸ್ಥಳವಿಲ್ಲದೆ ಮೋಟಾರಿನ ತಡೆ ಸಡಿಲವಾಗುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸ್ವಲ್ಪ ಖಾಲಿ ಇಟ್ಟುಕೊಂಡು, ಮೊದಲ ತಿರುವಿನಿಂದಲೇ ನಿಧಾನವಾಗಿ, ನಡುನಡುವೆ ನಿಂತು ಇಳಿಯುವುದೇ ಕ್ಷೇಮ.

ಮಣ್ಣಿನ ಹಾದಿಯ ಮಾತೂ ಒಂದಿದೆ. ನ್ಯೂಜಿಲೆಂಡಿನ ಯುಬ್ಕೊ ಸಂಸ್ಥೆ ಅಲ್ಲಿನ ಹೊಲ, ಹುಲ್ಲುಗಾವಲುಗಳ ಕೆಲಸಕ್ಕೆಂದು ಎರಡು ಗಾಲಿಗಳಿಗೂ ಒಂದೊಂದು ಮೋಟಾರು ಅಳವಡಿಸಿದ ಬೈಕನ್ನು ತಯಾರಿಸಿತು. ಜಾರುವ ನೆಲದಲ್ಲಿ ಎರಡೂ ಗಾಲಿಗಳು ಎಳೆದರೆ ಹಿಡಿತ ಹೆಚ್ಚು. ಸದ್ದಿಲ್ಲದ್ದರಿಂದ ದನಕುರಿಗಳು ಬೆದರುವುದೂ ಕಡಿಮೆ. ಆದರೆ ಆ ಸದ್ದಿಲ್ಲದಿರುವಿಕೆಯೇ ನಮ್ಮ ಹಳ್ಳಿಯ ಓಣಿಗಳಲ್ಲಿ ಗಂಡಾಂತರ. ಬೆನ್ನ ಹಿಂದೆ ಗಾಡಿ ಬಂದದ್ದು ಮುದುಕರಿಗೂ ಆಡುವ ಮಕ್ಕಳಿಗೂ ತಿಳಿಯುವುದೇ ಇಲ್ಲ. ಅಲ್ಲಿ ಹಾರನ್ನಿಗಿಂತ ನಿಧಾನವೇ ಮೇಲು.

ಕೊನೆಯದಾಗಿ, ಬೆಟ್ಟ ಸುತ್ತಿ ಮನೆಗೆ ಬಂದೊಡನೆ ಬಿಸಿ ಬ್ಯಾಟರಿಗೆ ತಂತಿ ಸಿಕ್ಕಿಸಬೇಡಿರಿ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ, ಆ ವರ್ಷದ ಡಿಸೆಂಬರಿನಿಂದ ಬ್ಯಾಟರಿಗಳ ಸುರಕ್ಷತೆಗೆ ಬಿಗಿಯಾದ ನಿಯಮಗಳು ಬಂದವು. ನಿಯಮ ಕಾರ್ಖಾನೆಯನ್ನು ಎಚ್ಚರಿಸೀತು. ಮನೆಯೊಳಗಿನ ಎಚ್ಚರ ನಮ್ಮದೇ. ಬ್ಯಾಟರಿಯ ಕಾವು ಆರುವಷ್ಟು ಹೊತ್ತು ನೀವೂ ಕೈಕಾಲು ತೊಳೆದು, ಒಂದು ಲೋಟ ಮಜ್ಜಿಗೆ ಕುಡಿದು ಕುಳಿತಿರಿ. ಬೆಟ್ಟ ಏರಿ ಇಳಿದವರಿಗೆ ಅಷ್ಟು ವಿಶ್ರಾಂತಿ ಸಲ್ಲುತ್ತದೆ.