ಹಕ್ಕು ಕೊಟ್ಟವರು ಯಾರು?

‘ಸಂವಿಧಾನವು ನಮಗೆ ಮೂಲಭೂತ ಹಕ್ಕುಗಳನ್ನು ನೀಡಿದೆ.’ ಪೌರನೀತಿಯ ಈ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಬರೆದರೆ ಅಂಕವೂ ಸಿಗುತ್ತದೆ. ಆದರೆ ‘ನೀಡಿದೆ’ ಎಂಬ ಪದದ ಬಳಿ ಸ್ವಲ್ಪ ನಿಲ್ಲಿ. ಕೊಟ್ಟದ್ದಾದರೆ, ಕೊಟ್ಟವರು ಅದನ್ನು ಹಿಂದಕ್ಕೂ ಪಡೆಯಬಹುದಲ್ಲವೇ?

ಇದು ಹಳೆಯ ವಾದ. ಜೀವ, ಸ್ವಾತಂತ್ರ್ಯ, ಆಸ್ತಿಯ ಹಕ್ಕುಗಳು ಸರ್ಕಾರಕ್ಕಿಂತ ಮೊದಲೇ ಮನುಷ್ಯನಿಗಿದ್ದವು, ಅವನ್ನು ಕಾಯಲೆಂದೇ ಸರ್ಕಾರ ಬಂತು ಎಂದವನು ಇಂಗ್ಲೆಂಡಿನ ಜಾನ್ ಲಾಕ್. ಅದೇ ನಾಡಿನ ಜೆರೆಮಿ ಬೆಂಥಾಮ್ ಇದನ್ನು ಒಪ್ಪಲಿಲ್ಲ. ಕಾನೂನಿಲ್ಲದೆ ಹಕ್ಕಿಲ್ಲ, ಉಳಿದದ್ದೆಲ್ಲ ಬರೀ ಮಾತು ಎಂಬುದು ಅವನ ನಿಲುವು.

ಪಂಡಿತರ ಜಗಳ ನಮಗೇಕೆ ಎನ್ನಬೇಡಿ. ಇದೇ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿಗೂ ಬಂದಿತ್ತು.

1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ‘ಮೀಸಾ’ ಕಾಯ್ದೆಯಡಿ ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲು ಸೇರಿದರು. ವಾಜಪೇಯಿ, ಅಡ್ವಾಣಿಯವರನ್ನು ಬಂಧಿಸಿ ಇಟ್ಟದ್ದು ನಮ್ಮ ಬೆಂಗಳೂರಿನ ಜೈಲಿನಲ್ಲೇ. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ 21ನೇ ವಿಧಿಯ ರಕ್ಷಣೆ ಕೋರಿ ಕೋರ್ಟಿಗೆ ಹೋಗುವ ಹಕ್ಕನ್ನು ರಾಷ್ಟ್ರಪತಿಗಳ ಆದೇಶ ಅಮಾನತಿನಲ್ಲಿಟ್ಟಿತ್ತು. ಆದರೂ ಬಂಧಿತರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಆಲಿಸಬಹುದೆಂದು ಹಲವು ಹೈಕೋರ್ಟುಗಳು ಹೇಳಿದವು. ಸರ್ಕಾರ ಮೇಲ್ಮನವಿ ಸಲ್ಲಿಸಿತು.

ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ಅವರನ್ನು ಕೇಳಿದರು: ಪೊಲೀಸನೊಬ್ಬ ಸ್ವಂತ ಹಗೆಯಿಂದ ಯಾರನ್ನಾದರೂ ಕೊಂದರೆ ಪರಿಹಾರವುಂಟೇ? ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು! 1976ರ ಏಪ್ರಿಲ್ 28ರ ತೀರ್ಪಿನಲ್ಲಿ ಐವರ ಪೈಕಿ ನಾಲ್ವರು ಸರ್ಕಾರದ ವಾದವನ್ನೇ ಎತ್ತಿಹಿಡಿದರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಜೀವ, ಸ್ವಾತಂತ್ರ್ಯಗಳಿಗೆ 21ನೇ ವಿಧಿಯೊಂದೇ ಮೂಲವಲ್ಲ. ಸಂವಿಧಾನ ಬರುವ ಮುಂಚೆಯೂ ಕಾನೂನಿನ ಆಧಾರವಿಲ್ಲದೆ ಅವನ್ನು ಕಸಿಯುವಂತಿರಲಿಲ್ಲ ಎಂದರು. ಅದಕ್ಕೆ ಬೆಲೆಯನ್ನೂ ತೆತ್ತರು. 1977ರ ಜನವರಿಯಲ್ಲಿ ಹಿರಿತನವಿದ್ದರೂ ಅವರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಮುಂದೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪಿನಲ್ಲಿ ಆ ಹಳೆಯ ತೀರ್ಪು ಬಿದ್ದುಹೋಯಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪೆಂದು ಬರೆದವರು ಡಿ.ವೈ. ಚಂದ್ರಚೂಡ್. 1976ರ ಆ ನಾಲ್ವರಲ್ಲಿ ಒಬ್ಬರು ಅವರ ತಂದೆ.

ಹಾಗಾದರೆ ಲಾಕ್ ಗೆದ್ದನೇ? ಪೂರ್ತಿಯಾಗಿ ಅಲ್ಲ. 1976ರಲ್ಲಿ ಜೈಲಿನಲ್ಲಿದ್ದವರಿಗೆ ಹುಟ್ಟಿನಿಂದ ಬಂದ ಹಕ್ಕೇನೋ ಇತ್ತು; ತಟ್ಟಲು ಬಾಗಿಲಿರಲಿಲ್ಲ. ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು ಅಮಾನತುಗೊಳಿಸುವಂತಿಲ್ಲ ಎಂದು 1978ರ 44ನೇ ತಿದ್ದುಪಡಿ ಬರೆದ ಮೇಲೆಯೇ ಆ ಬಾಗಿಲಿಗೆ ಭದ್ರತೆ ಬಂದದ್ದು. ಹಕ್ಕಿನ ಬೇರು ಮನುಷ್ಯನಲ್ಲಿ, ಬೇಲಿ ಕಾನೂನಿನಲ್ಲಿ. ಎರಡೂ ಬೇಕು.

ವಿದ್ಯಾರ್ಥಿಗಳೇ, ‘ನೀಡಿದೆ’ ಎಂಬಲ್ಲಿ ‘ಕಾಪಾಡುತ್ತದೆ’ ಎಂದು ಓದಿ ನೋಡಿ. ಪೋಷಕರೇ, ಯಾಕೆ ಎಂದು ಮಗು ಕೇಳಿದರೆ ಸುಮ್ಮನಿರಿಸಬೇಡಿ. ಖನ್ನಾ ಅವರು ಮಾಡಿದ್ದೂ ಒಂದು ಪ್ರಶ್ನೆ ಕೇಳಿದ್ದನ್ನೇ.