ತೀರಿದ ದಂಡ, ತೀರದ ಕಲಂಕ

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿ ಅಲ್ಲಿಯ ಪೌರತ್ವವನ್ನು ಬೇಡುವ ಕನ್ನಡಿಗರು ಇಂದು ಅನೇಕರಿದ್ದಾರೆ. ಅವರ ತಂದೆತಾಯಿಗಳೂ ಬಂಧುಗಳೂ ನಮ್ಮ ವಾಚಕರಲ್ಲಿಯೇ ಇರುವುದರಿಂದ ಈ ವಿಷಯವು ಪರದೇಶದ್ದಾದರೂ ಪರರದ್ದಲ್ಲ. ಆ ಅರ್ಜಿಯಲ್ಲಿ ಒಂದು ಪ್ರಶ್ನೆಯುಂಟು: ನೀವು ಎಂದಾದರೂ ದಸ್ತಗಿರಿಯಾದದ್ದುಂಟೆ, ಅಪರಾಧವನ್ನು ಮಾಡಿದ್ದುಂಟೆ ಎಂದು. 'ಎಂದಾದರೂ' ಎಂಬ ಆ ಒಂದು ಮಾತಿನಲ್ಲಿಯೇ ತೊಡಕೆಲ್ಲ ಅಡಗಿದೆ. ವಿದ್ಯಾರ್ಥಿದೆಸೆಯಲ್ಲಿ ಅಂಗಡಿಯಿಂದ ಚಿಲ್ಲರೆ ವಸ್ತುವನ್ನೆತ್ತಿ ಸಿಕ್ಕಿಬಿದ್ದವನು, ಕುಡಿದು ಮೋಟಾರು ನಡೆಯಿಸಿ ದಂಡ ತೆತ್ತವನು, ಹದಿನೈದು ವರ್ಷ ನೆಟ್ಟಗೆ ಬಾಳಿದ ಮೇಲೆಯೂ ಅದನ್ನು ಬರೆಯಲೇಬೇಕು. ನ್ಯಾಯಾಲಯವು ದಾಖಲೆಯನ್ನು ಅಳಿಸಿಹಾಕಿದ್ದರೂ ಬರೆಯಬೇಕು.

ಪ್ರಶ್ನೆ ಕೇಳುವುದೇ ತಪ್ಪೆಂದು ನಾವೆನ್ನಲಾರೆವು. ಆ ದೇಶದ ಮೊದಲನೆಯ ಪೌರತ್ವದ ಕಾಯಿದೆಯು 1790ರಲ್ಲಿಯೇ ಸಚ್ಚಾರಿತ್ರ್ಯವನ್ನು ಬೇಡಿತ್ತು. ಆದರೆ ಅದಕ್ಕಿಂತ ಮೊದಲು ಬಿಳಿಯ ತೊಗಲನ್ನು ಬೇಡಿತ್ತು. ಪಂಜಾಬದ ಭಗತ್ ಸಿಂಗ್ ಥಿಂಡರು ಆ ದೇಶದ ಸೈನ್ಯದಲ್ಲಿ ಸೇವೆ ಮಾಡಿದವರು. ಅವರ ಶೀಲದಲ್ಲಿ ಕೊರತೆಯಿರಲಿಲ್ಲ. ಆದರೂ 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅವರು ಬಿಳಿಯರಲ್ಲವೆಂದು ಪೌರತ್ವವನ್ನು ನಿರಾಕರಿಸಿತು. 1946ರ ಕಾಯಿದೆಯು ಭಾರತೀಯರಿಗಿದ್ದ ಆ ಬಾಗಿಲನ್ನು ತೆರೆಯಿತು. ಬಣ್ಣದ ಪ್ರಶ್ನೆಯು ಹೋಗಿ ನಡತೆಯ ಪ್ರಶ್ನೆಯು ಉಳಿದುದು ಮೇಲೇ ಸರಿ.

ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಐದು ವರ್ಷಗಳ ನಡತೆಯನ್ನು ನೋಡುತ್ತಾರೆ; ಅದಕ್ಕೂ ಹಿಂದಿನದನ್ನು ಕೆದಕುವ ಅಧಿಕಾರವೂ ಅಧಿಕಾರಿಗೆ ಉಂಟು. ಒಂದು ಚಿಕ್ಕ ಕಳವು, ಒಂದು ದಂಡ, ಇವುಗಳಿಂದ ಬಾಗಿಲು ಶಾಶ್ವತವಾಗಿ ಮುಚ್ಚುವುದಿಲ್ಲವೆಂಬುದೇ ಬಹುಮಟ್ಟಿನ ಅನುಭವ. ಆದರೆ 2025ರ ಆಗಸ್ಟಿನಲ್ಲಿ ಹೊರಟ ಆಜ್ಞಾಪತ್ರವು ಅಪರಾಧವಲ್ಲದ ಅಡ್ಡನಡತೆಯನ್ನೂ ತೂಗಿ ನೋಡಬೇಕೆಂದು ಅಧಿಕಾರಿಗಳಿಗೆ ವಿಧಿಸಿದೆ. ತಕ್ಕಡಿಯು ಒಬ್ಬ ಗುಮಾಸ್ತನ ಕೈಯಲ್ಲಿರುವಾಗ ತೂಕವು ಎಲ್ಲೆಡೆಯೂ ಒಂದೇ ಇರುವುದೆಂದು ನಂಬುವವರು ಕಚೇರಿಗಳನ್ನು ಕಂಡವರಲ್ಲ.

ನಾವು ಪ್ರತಿಭಟಿಸುವುದು ಬೇರೊಂದನ್ನು. 1990ರ ನವಂಬರ 29ರಿಂದೀಚೆಗೆ 'ಉಗ್ರಾಪರಾಧ'ಕ್ಕೆ ಶಿಕ್ಷೆಯಾದವನಿಗೆ ಪೌರತ್ವವು ಎಂದೆಂದಿಗೂ ಇಲ್ಲ. ಕೊಲೆ ದರೋಡೆಗಳಿಗೆ ಇದು ಇರಲಿ. ಆದರೆ 1996ರಲ್ಲಿ ಆ ಹೆಸರಿನ ಬಲೆಯನ್ನು ಎಷ್ಟು ಅಗಲಿಸಿದರೆಂದರೆ, ಕಳವಿಗಾಗಿ ಒಂದು ವರ್ಷದ ಸಜೆಯಾಗಿದ್ದರೆ ಸಾಕು, ಅದು ಉಗ್ರಾಪರಾಧವೇ. ಆ ಸಜೆಯನ್ನು ಅಮಾನತ್ತಿನಲ್ಲಿಟ್ಟು ಅಪರಾಧಿಯನ್ನು ಅಂದೇ ಮನೆಗೆ ಕಳುಹಿಸಿದ್ದರೂ ಅಷ್ಟೇ! ತುರಂಗದ ಮುಖವನ್ನೇ ಕಾಣದವನು ಉಗ್ರಾಪರಾಧಿಯಾಗುವ ಈ ಚಮತ್ಕಾರಕ್ಕೆ ಏನೆನ್ನೋಣ? ಇಂಥವನು ಪೌರತ್ವವನ್ನು ಬೇಡಲು ತಾನಾಗಿ ಕಚೇರಿಗೆ ಹೋದರೆ ಆ ಅರ್ಜಿಯೇ ಅವನ ಗಡಿಪಾರಿಗೆ ಕಾರಣವಾಗಬಹುದು. ಮೊಕದ್ದಮೆಯ ರಗಳೆ ಬೇಡವೆಂದು ವಕೀಲನ ಮಾತಿನಂತೆ ತಪ್ಪೊಪ್ಪಿಕೊಂಡವರ ಗತಿಯು ಇನ್ನೂ ಶೋಚನೀಯ. ಒಪ್ಪಿಗೆಯಿಂದ ಗಡಿಪಾರಾಗುವ ಭಯವಿದೆಯೆಂದು ವಕೀಲನು ಪರದೇಶೀಯ ಕಕ್ಷಿಗಾರನಿಗೆ ತಿಳಿಸಲೇಬೇಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು 2010ರಲ್ಲಿ.

ಇದನ್ನೆಲ್ಲ ಕಂಡು ಮುಚ್ಚಿಡುವುದೇ ಜಾಣತನವೆಂದು ಬಗೆಯುವವರುಂಟು. ಅದು ಶುದ್ಧ ಅವಿವೇಕ. ಪ್ರಮಾಣ ಮಾಡಿ ಪೌರತ್ವದ ಲಾಭಕ್ಕಾಗಿ ಬಾಯಿಮಾತಿನಲ್ಲಿ ಸುಳ್ಳು ಹೇಳಿದರೆ, ಆ ಸುಳ್ಳು ಎಷ್ಟೇ ಕ್ಷುಲ್ಲಕ ವಿಷಯದ್ದಾಗಿರಲಿ, ಶೀಲವು ಕೆಟ್ಟಿತೆಂದೇ ಲೆಕ್ಕವೆಂದು 1988ರಲ್ಲಿ ಅದೇ ನ್ಯಾಯಾಲಯವು ತೀರ್ಮಾನಿಸಿದೆ. ಯಾವ ಕಳವು ಕ್ಷಮೆಗೆ ಅರ್ಹವಾಗಿತ್ತೋ ಅದನ್ನು ಅಡಗಿಸಿದ್ದೇ ಅನರ್ಹತೆಯಾಗುತ್ತದೆ. ಅಂಥವರು ನ್ಯಾಯಾಲಯದ ದೃಢೀಕೃತ ನಕಲನ್ನು ಮೊದಲು ತರಿಸಿಕೊಂಡು, ಈ ಶಾಖೆಯನ್ನು ಬಲ್ಲ ವಕೀಲರಿಗೆ ತೋರಿಸಿ, ಆಮೇಲೆ ಅರ್ಜಿಯನ್ನು ಮುಟ್ಟತಕ್ಕದ್ದು.

ಅನ್ಯರನ್ನು ಆಕ್ಷೇಪಿಸುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕಲ್ಲವೆ? ಭಾರತದ 1955ರ ಪೌರತ್ವ ಕಾಯಿದೆಯ ಮೂರನೆಯ ಅನುಸೂಚಿಯೂ ಅರ್ಜಿದಾರನು ಸಚ್ಚರಿತನಾಗಿರಬೇಕೆನ್ನುತ್ತದೆ. ಸಚ್ಚರಿತನೆಂದರೆ ಯಾರೆಂದು ಕಾಯಿದೆಯು ಹೇಳುವುದಿಲ್ಲ. ಪರವಾನೆ ಪತ್ರವನ್ನು ಪಡೆಯಲೊಲ್ಲದೆ 1908ರಲ್ಲಿ ಜೋಹಾನ್ಸ್‌ಬರ್ಗದ ಸೆರೆಮನೆಯನ್ನು ಸೇರಿದ ಗಾಂಧಿಯವರೂ ಕಾಗದದ ಮೇಲೆ ಶಿಕ್ಷೆಗೊಳಗಾದವರೇ. ಸೆರೆಮನೆಯ ದಾಖಲೆಯಿಂದ ಮನುಷ್ಯನ ಶೀಲವನ್ನಳೆಯುವುದರ ಅಪಾಯವನ್ನು ನಮ್ಮ ದೇಶಕ್ಕೆ ಇನ್ನೊಬ್ಬರು ಕಲಿಸಬೇಕಾಗಿಲ್ಲ. 1958ರ ನಮ್ಮ ಪರಿವೀಕ್ಷಣಾ ಕಾಯಿದೆಯ 12ನೆಯ ಕಲಮು, ಒಳ್ಳೆಯ ನಡತೆಯ ಮೇಲೆ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಬರುವ ಅನರ್ಹತೆಯು ತಟ್ಟಬಾರದೆಂದು ಉದಾರವಾಗಿ ಹೇಳಿದೆ. ಅದೇ ಉದಾರತೆಯನ್ನು ಪೌರತ್ವದ ನಿಯಮಗಳಲ್ಲಿಯೂ ಬರೆದು, ಎಂಥ ಅಪರಾಧವು ಸಣ್ಣದು, ಎಷ್ಟು ವರ್ಷಗಳ ತರುವಾಯ ಅದನ್ನು ಎಣಿಸಕೂಡದು ಎಂಬುದನ್ನು ಕೇಂದ್ರ ಸರಕಾರವು ಸ್ಪಷ್ಟಪಡಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.